ಸುಂತಲಿಗಿಂತ ಮೊದಲು ಊರು ಮುಟ್ಟಿದ ಮಾತು

ಸಂತೆಯ ಮರುದಿನ ಮುಂಜಾನೆ ಕಮಲಾಪುರದ ಅಂಬಮ್ಮ ಒಬ್ಬ ಹುಡುಗಿಯ ಕೈಹಿಡಿದು ಶಹರದ ಕುಸನೂರ ದಾರಿಯ ಮಹಿಳಾ ಆಶ್ರಮಕ್ಕೆ ಬಂದಳು. ಬಾಗಿಲ ಹೊರಗೆ ಚಪ್ಪಲಿ ಬಿಟ್ಟು, ಸೆರಗಿನಿಂದ ಮುಖ ಒರೆಸಿಕೊಂಡು, ಮೇಜಿನ ಹಿಂದೆ ಕೂತಿದ್ದ ಸರಸ್ವತೀಬಾಯಿಗೆ ಹೇಳಿದಳು:

"ಬಾಯಾರ, ಈ ಕೂಸು ನಿನ್ನೆ ಸಂತ್ಯಾಗ ನನ್ನ ಬಾಳಿಹಣ್ಣಿನ ಬುಟ್ಟಿ ಹಿಂದ ಬಂದು ಅಡಗಿ ಕುಂತಿತ್ರಿ. ಮಾತು ತಿಳಿವಲ್ದು, ಊರು ತಿಳಿವಲ್ದು. ಯಾರೋ ಬೆನ್ನ ಹತ್ಯಾರ ಅನ್ನೂದಷ್ಟೇ ತಿಳೀತದ. ಮನಿಗಿ ಕರಕೊಂಡು ಹೋಗಿ ರೊಟ್ಟಿ ಕೊಟ್ಟೆ. ಬಾಗಲಾ ಸಪ್ಪಳಾದ್ರ ಮೂಲ್ಯಾಗ ಹೋಗಿ ಕೂಡ್ತದ್ರಿ."

ಹುಡುಗಿಗೆ ಹದಿನೆಂಟು ತುಂಬಿದ್ದರೆ ಹೆಚ್ಚು. ಚಪ್ಪಟೆ ಮೂಗು, ಸಣ್ಣ ಕಣ್ಣು, ಈ ಸೀಮೆಯ ಬಿಸಿಲಿಗೆ ಕಂದಿದ ಕೆಂಪು ಕೆನ್ನೆ. ಗುಡ್ಡಗಾಡಿನವಳು, ನೇಪಾಳದ ಕಡೆಯವಳು ಎಂದು ಸರಸ್ವತೀಬಾಯಿಗೆ ಹೊಳೆಯಿತು.

ಆಗ ತೊಂಬತ್ತಾರನೆಯ ಇಸವಿ. ಊರಿನ ಕೆಲವು ವಕೀಲರು, ಡಾಕ್ಟರರು ಕೂಡಿ ನಡೆಸುತ್ತಿದ್ದ ಆ ಆಶ್ರಮದಲ್ಲಿ ಸರಸ್ವತೀಬಾಯಿ ಕೇಸು ನೋಡುವ ಕೆಲಸಕ್ಕೆ ಇದ್ದಳು. ಬಂದ ಹೆಣ್ಣುಮಗಳ ಕತೆ ಕೇಳುವುದು, ದವಾಖಾನೆಗೆ ಒಯ್ಯುವುದು, ಠಾಣೆ ಕೋರ್ಟು ತಿರುಗುವುದು, ಕಡೆಗೆ ಅವಳನ್ನು ಅವಳ ಮನೆಗೋ ಒಂದು ಉದ್ಯೋಗಕ್ಕೋ ಮುಟ್ಟಿಸುವುದು. ಶಹಾಬಜಾರದ ಹಳೆಯ ವೈಷ್ಣವ ಮನೆತನದ ಸೊಸೆ. ಕನ್ನಡ, ಮರಾಠಿ, ಉರ್ದು ಮೂರೂ ನಾಲಿಗೆಯ ಮೇಲೆ ನಲಿಯುತ್ತಿದ್ದವು. ಬಾಯಾರು ಹಿಡಿದ ಕೇಸು ಬಿಡುವುದಿಲ್ಲ ಎಂದು ಪೊಲೀಸರೇ ಅನ್ನುತ್ತಿದ್ದರು. ಆ ಮಾತು ಕಿವಿಗೆ ಬಿದ್ದಾಗ ಅವಳಿಗೆ ಹಿತವಾಗುತ್ತಿತ್ತು.

ಆದರೆ ಈ ಹುಡುಗಿಯ ಮುಂದೆ ಮೂರೂ ಭಾಷೆ ಸೋತವು. ಹುಡುಗಿಗೆ ಬರುತ್ತಿದ್ದುದು ನಾಲ್ಕಾರು ಹಿಂದಿ ಮಾತು: ಬಾ, ಕೂಡು, ಬಾಯಿ ಮುಚ್ಚು, ಬಾಗಿಲು ಹಾಕು. ಅದು ಎಂಥ ಮನೆಯಲ್ಲಿ ಕಲಿತ ಹಿಂದಿ ಎಂದು ಸರಸ್ವತೀಬಾಯಿಗೆ ಬೇರೆ ಯಾರೂ ಹೇಳಬೇಕಾಗಿರಲಿಲ್ಲ.

ಹುಡುಗಿ ಎದೆಯ ಮೇಲೆ ಬೆರಳಿಟ್ಟು "ಸುಂತಲಿ" ಎಂದು ಹೆಸರು ಹೇಳಿದ್ದು ವಾರದ ಮೇಲೆ. ಅದೇ ದಿನ, ದವಾಖಾನೆಗೆ ಹೋಗುವ ದಾರಿಯಲ್ಲಿ ಸ್ಟೇಶನ್ನಿನ ಹತ್ತಿರದ ಲಾಡ್ಜೊಂದರ ಮುಂದೆ ಆಟೋ ಹಾಯುವಾಗ ಅವಳು ಸೀಟಿನ ಕೆಳಗೆ ಕುಸಿದು ಮುಖ ಮುಚ್ಚಿಕೊಂಡಳು. ಪೊಲೀಸರು ಆ ಲಾಡ್ಜಿಗೆ ಹೋದರು, ಮಾಲೀಕನನ್ನು ಹಿಡಿದರು. ಅವನು ಜಾಮೀನು ಪಡೆದು ಹೊರಗೂ ಬಂದ. ಹುಡುಗಿ ಮ್ಯಾಜಿಸ್ಟ್ರೇಟರ ಮುಂದೆ ಹೇಳಿಕೆ ಕೊಡದಿದ್ದರೆ ಕೇಸು ನೀರಿನ ಮೇಲಿನ ಗೆರೆ ಎಂದು ಇನ್ಸ್‌ಪೆಕ್ಟರು ಹೇಳಿದರು.

"ದುಭಾಷಿ ತರ್ರಿ ಬಾಯಾರ. ಸರಕಾರದಿಂದ ಬರ್ಲಿ ಅಂದ್ರ ವರ್ಷ ಆಗ್ತದ."

ಆ ಸಂಜೆ ಸರಸ್ವತೀಬಾಯಿ ಸುಂತಲಿಯ ಮುಂದೆ ಕೂತು ತನ್ನ ತುಟಿಯ ಮೇಲೆ ಬೆರಳಿಟ್ಟಳು. ಆಮೇಲೆ ಹುಡುಗಿಯ ತಲೆಯ ಮೇಲೆ ಕೈ ಇಟ್ಟಳು. ನಿನ್ನ ಮಾತು ಈ ಖೋಲಿ ದಾಟುವುದಿಲ್ಲ, ಆಣೆ, ಎಂದು ಅದರ ಅರ್ಥ. ಸುಂತಲಿಗೆ ತಿಳಿಯಿತು. ಅವಳು ಆ ಕೈಯನ್ನು ಹಿಡಿದು ಕಣ್ಣಿಗೆ ಒತ್ತಿಕೊಂಡಳು.

ದುಭಾಷಿ ಯಾರು ಎಂದು ಯೋಚಿಸುತ್ತ ಮನೆಗೆ ಬಂದವಳಿಗೆ ಓಣಿಯ ತಿರುವಿನಲ್ಲಿ ಧನಬೀರ ಕಂಡ. ಶಹಾಬಜಾರದ ಗೂರ್ಖಾ. ಹನ್ನೆರಡು ವರ್ಷದಿಂದ ಆ ಓಣಿಗಳನ್ನು ಕಾಯುತ್ತಿದ್ದ. ಒಮ್ಮೆ ಗಂಡ ಗುರುರಾಜರ ಸೈಕಲ್ಲು ಕಳುವಾದಾಗ ಕಳ್ಳನನ್ನು ಮೂರು ಓಣಿ ಅಟ್ಟಿಕೊಂಡು ಹೋಗಿ ತಂದುಕೊಟ್ಟವನು. ಮನೆಯ ದೀಪಾವಳಿಯ ಫರಾಳದ ತಿಂಡಿಯಲ್ಲಿ ಅವನಿಗೊಂದು ಪಾಲು ಇದ್ದೇ ಇತ್ತು. ಬಗಲಲ್ಲೇ ಇದ್ದ ಮನುಷ್ಯ ಇಷ್ಟು ದಿನ ಹೊಳೆಯಲಿಲ್ಲವಲ್ಲ ಎಂದು ಅವಳು ತನ್ನ ಹಣೆ ಬಡಿದುಕೊಂಡು ನಕ್ಕಳು.

ಮರುದಿನ ಧನಬೀರ ಇಸ್ತ್ರಿ ಮಾಡಿದ ಖಾಕಿ ಅಂಗಿ ಹಾಕಿಕೊಂಡು ಆಶ್ರಮಕ್ಕೆ ಬಂದ. ಸುಂತಲಿ ಅಂಗಳದಲ್ಲಿ ಕೂತು ಜೋಳ ಹಸನು ಮಾಡುತ್ತಿದ್ದಳು. ತಲೆಯೆತ್ತಿ ನೋಡಿದವಳೇ ಮೊರ ಅಲ್ಲೇ ಬಿಟ್ಟು ಎದ್ದಳು. ಓಢಣಿಯನ್ನು ಮುಖದ ಮೇಲೆ ಎಳೆದುಕೊಂಡು ಗೋಡೆಗೆ ಹತ್ತಿ ನಿಂತಳು.

"ನಹೀ," ಅಂದಳು. "ಬಾಯಿ, ನಹೀ."

ಸರಸ್ವತೀಬಾಯಿ ಆ ಮುಖ ನೋಡಿದಳು. ನಾಚಿಕೆಗೂ ಹೆದರಿಕೆಗೂ ಇರುವ ಅಂತರ ಅವಳಿಗೆ ತಿಳಿಯದ್ದಲ್ಲ. ಇಷ್ಟು ವರ್ಷದಲ್ಲಿ ಎಷ್ಟು ಮುಖ ನೋಡಿದ್ದಳು! ಆದರೆ ಮ್ಯಾಜಿಸ್ಟ್ರೇಟರ ತಾರೀಖು ಹತ್ತಿರ ಬಂದಿತ್ತು, ಲಾಡ್ಜಿನವನು ಸಾಕ್ಷಿಗಳನ್ನು ಕೊಳ್ಳುತ್ತಿದ್ದಾನೆಂದು ಸುದ್ದಿ ಇತ್ತು. ಅವಳು ನಾಚಿಕೆ ಎಂದೇ ಅಂದುಕೊಂಡಳು.

"ಹೆದರಬ್ಯಾಡವ್ವ, ನಿಮ್ಮವನೇ ಅದಾನ. ಅಪನಾ ಆದಮೀ," ಎಂದು ಹುಡುಗಿಯ ಭುಜ ಹಿಡಿದು ಒಳಗೆ ಕರೆದುಕೊಂಡು ಹೋದಳು.

ಧನಬೀರ ಮೆಲ್ಲಗೆ, ತಂಗಿಯ ಹತ್ತಿರ ಮಾತಾಡಿದ ಹಾಗೆ ಕೇಳಿದ. ಸುಂತಲಿ ನೆಲ ನೋಡುತ್ತ ಒಂದೊಂದೇ ಮಾತು ಕೊಟ್ಟಳು. ಅವನು ಹನ್ನೆರಡು ವರ್ಷದಲ್ಲಿ ಕಲಿತ ಕನ್ನಡದಲ್ಲಿ ಅದನ್ನು ಇಳಿಸಿದ. ಪಕ್ಕದ ಹಳ್ಳಿಯ ಹೆಂಗಸೊಬ್ಬಳು ಗಾಲೀಚೆ ನೇಯುವ ಕೆಲಸ ಕೊಡಿಸುತ್ತೇನೆಂದು ಕರೆದೊಯ್ದದ್ದು. ಗಡಿ ದಾಟಿದ್ದು ಗೊತ್ತೇ ಆಗದ್ದು. ರೈಲು, ಮತ್ತೊಂದು ರೈಲು. ಬಾಂಬೆಯಲ್ಲಿ ಕೈ ಬದಲಾದದ್ದು, ಆಮೇಲೆ ಈ ಊರಿನ ಲಾಡ್ಜು. ಕಾವಲಿನ ಹೆಂಗಸು ಸ್ನಾನಕ್ಕೆ ಹೋದಾಗ ಓಡಿ ಸಿಕ್ಕ ಬಸ್ಸು ಹತ್ತಿದ್ದು. ಟಿಕೇಟಿಗೆ ದುಡ್ಡಿಲ್ಲವೆಂದು ಕಂಡಕ್ಟರು ಕಮಲಾಪುರದಲ್ಲಿ ಇಳಿಸಿದ್ದು.

ನಡುವೆ ಅವನು ಸರಸ್ವತೀಬಾಯಿ ಕೇಳದ ಒಂದು ಪ್ರಶ್ನೆ ಕೇಳಿದ. ಸುಂತಲಿ ಬಾಗಿಲ ಕಡೆ ನೋಡಿ ಒಂದೇ ಶಬ್ದ ಹೇಳಿದಳು. ಅವನ ಮುಖ ಬೆಳಗಿತು.

"ಏನು ಕೇಳಿದಿ?"

"ಊರು ಕೇಳಿದೆ, ಬಾಯಿ. ಮಾತು ಕೇಳಿ ಡೌಟ್ ಬಂತು. ನಮ್ಮ ಕಡೆಯವಳೇ. ನಮ್ಮ ಊರಿನ ಹೊಳೆ ಇದೆಯಲ್ಲ, ಅದರ ಆಚೆ ಗುಡ್ಡ. ಇವಳ ಕಾಕಾನನ್ನು ನಾನು ನೋಡಿದ್ದೇನೆ."

"ನೋಡು, ದೇವರೇ ಕಳಿಸ್ಯಾನ ನಿನ್ನ!" ಎಂದಳು ಸರಸ್ವತೀಬಾಯಿ. ಎಷ್ಟು ಖುಷಿಯಾಗಿತ್ತೆಂದರೆ ಅವನಿಗೆ ಚಹಾದ ಜೋಡಿ ಉಪ್ಪಿಟ್ಟನ್ನೂ ತರಿಸಿಕೊಟ್ಟಳು.

ಸುಂತಲಿ ಆ ದಿನ ಉಣ್ಣಲಿಲ್ಲ. ನೋವಿನ ಕತೆ ಹೇಳಿದ ದಿನ ಯಾರಿಗೂ ಅನ್ನ ಸೇರುವುದಿಲ್ಲ ಎಂದು ಸರಸ್ವತೀಬಾಯಿ ಸಮಾಧಾನ ಮಾಡಿಕೊಂಡಳು.

ಮುಂದೆ ಎಲ್ಲವೂ ಸರಾಗವಾಗಿ ನಡೆಯಿತು. ಮ್ಯಾಜಿಸ್ಟ್ರೇಟರ ಮುಂದೆ ಹೇಳಿಕೆಯಾಯಿತು. ಲಾಡ್ಜಿನವನ ಜಾಮೀನು ರದ್ದಾಯಿತು. ಗಡಿಯ ಹತ್ತಿರ ಇಂಥ ಹುಡುಗಿಯರನ್ನು ಊರು ಮುಟ್ಟಿಸುವ ಸಂಸ್ಥೆಯೊಂದು ಸುಂತಲಿಯನ್ನು ಕರೆದುಕೊಳ್ಳಲು ಒಪ್ಪಿತು. ಸಂಕ್ರಾಂತಿಯ ಆಚೆ ಕಳಿಸುವುದೆಂದು ಗೊತ್ತಾಯಿತು.

ಅಂಬಮ್ಮ ಬಾಳೆಹಣ್ಣು ಹಾಕಲು ಶಹರಕ್ಕೆ ಬಂದಾಗಲೆಲ್ಲ ಆಶ್ರಮಕ್ಕೆ ಬಂದುಹೋಗುತ್ತಿದ್ದಳು. ಸುಂತಲಿ ಅವಳನ್ನು ಅವ್ವ ಎಂದು ಕರೆಯತೊಡಗಿದಳು. ಕನ್ನಡ ಕಲಿತದ್ದೂ ಅವಳಿಂದಲೇ, ಅದೂ ಕಮಲಾಪುರದ ಕನ್ನಡ. ಮಳೆಗಾಲ ಮುಗಿಯುವ ಹೊತ್ತಿಗೆ "ಇವತ್ ಪಲ್ಯಾಕ ಉಪ್ಪು ಕಮ್ಮಿ ಬಿದ್ದದರಿ" ಎಂದು ಅಡುಗೆಯವಳಿಗೆ ಅನ್ನುವಷ್ಟಾದಳು.

ಆ ಕನ್ನಡದಲ್ಲೇ ಒಂದು ದಿನ ಅವಳು ಸರಸ್ವತೀಬಾಯಿಗೆ ತನ್ನ ಮನಸ್ಸಿನ ಲೆಕ್ಕ ಹೇಳಿದಳು. ಊರಿಗೆ ಹೋಗಿ ತಾನು ದಿಲ್ಲಿಯಲ್ಲಿ ಸ್ವೆಟರ್ ಕಾರಖಾನೆಯಲ್ಲಿದ್ದೆ ಎನ್ನುವುದು. ಮಾಲೀಕ ಪಗಾರ ಕೊಡದೆ ಇಟ್ಟುಕೊಂಡಿದ್ದ, ಅದಕ್ಕೇ ಬರಲಾಗಲಿಲ್ಲ ಎನ್ನುವುದು. ಹಾಗಂತ ಹೇಳಲು ಕೆಲಸ ಬರಬೇಕಲ್ಲ? ಅದಕ್ಕೇ ಆಶ್ರಮದ ಹೆಣಿಗೆ ಮಶೀನಿನ ಮುಂದೆ ದಿನವಿಡೀ ಕೂತಿರುತ್ತಿದ್ದಳು.

"ತಂಗಿದು ಲಗ್ನ ಅದ. ನಾ ಹಾಳಾಗೀನಿ ಅಂದ್ರ ಅಕಿನ ಯಾರೂ ಮಾಡ್ಕೊಳ್ಳಂಗಿಲ್ಲ. ಅದಕ ನಾ ಕಾರಖಾನಿಯಾಗ ಇದ್ದೆ. ಹೌದಿಲ್ಲ, ಬಾಯಿ?"

"ಹೌದವ್ವ. ನೀ ಕಾರಖಾನಿಯಾಗ ಇದ್ದಿ," ಎಂದಳು ಸರಸ್ವತೀಬಾಯಿ.

ಮೊದಲ ಸ್ವೆಟರು ತಂಗಿಗೆಂದು ಶುರುವಾಯಿತು. ಹಸಿರು ಉಣ್ಣೆ, ಅಂಚಿಗೆ ಬಿಳಿ ಪಟ್ಟಿ.

ಧನಬೀರ ದಸರೆಗೆ ಊರಿಗೆ ಹೋಗಿದ್ದವನು ದೀಪಾವಳಿಯ ಮುಂದೆ ತಿರುಗಿ ಬಂದ. ಬಂದ ಮಧ್ಯಾಹ್ನವೇ ಸರಸ್ವತೀಬಾಯಿಯ ಮನೆಯ ಕಟ್ಟೆಯ ಮೇಲೆ ಕೂತ. ಯಾವಾಗಲೂ ನಿಂತೇ ಮಾತಾಡುವವನು.

"ಆರಾಮಿದ್ದಾರೇನು ಮನ್ಯಾಗ?" ಎಂದು ಕೇಳುತ್ತ ಅವಳು ನೀರು ತಂದಳು.

ಅವನು ನೀರು ಮುಟ್ಟಲಿಲ್ಲ. "ಬಾಯಿ, ನಾನು ಸುಂತಲಿ ಮನೆಗೆ ಹೋಗಿದ್ದೆ."

ಸರಸ್ವತೀಬಾಯಿ ತಂಬಿಗೆಯನ್ನು ಕಟ್ಟೆಯ ಮೇಲಿಟ್ಟಳು.

"ಅವಳ ಅವ್ವ ಎರಡು ವರ್ಷದಿಂದ ಅಳುತ್ತಾಳೆ ಅಂತ ನಮ್ಮ ಮನೆಯವಳು ಹೇಳಿದಳು. ಮಗಳು ಬದುಕಿದ್ದಾಳೆ ಅಂತ ಹೇಳಿದರೆ ಪುಣ್ಯ ಬರುತ್ತದೆ ಅಂತ ಹೋದೆ. ಹೇಳಿದೆ. ಅವ್ವ ನನ್ನ ಕಾಲು ಹಿಡಿದಳು, ಬಾಯಿ. ಆಮೇಲೆ ಅಪ್ಪ ಕೇಳಿದ, ಎಲ್ಲಿದ್ದಳು? ಯಾರ ಹತ್ತಿರ ಇದ್ದಳು? ಪೊಲೀಸು ಯಾಕೆ ಬಂದರು? ನನಗೆ ಸುಳ್ಳು ಬರುವುದಿಲ್ಲ. ಕಾಕಾ ಅಲ್ಲೇ ಇದ್ದ. ಸಂಜೆಗೆ ಊರಿಗೆಲ್ಲ ಗೊತ್ತಾಯಿತು." ಅವನು ಟೊಪ್ಪಿಗೆ ತೆಗೆದು ತೊಡೆಯ ಮೇಲಿಟ್ಟುಕೊಂಡ. "ಕಾಂಛಿಯ, ಅವರ ಸಣ್ಣ ಮಗಳ, ಮದುವೆ ಮುರಿಯಿತು. ಹುಡುಗನ ಕಡೆಯವರು ಅಂಗಳದಲ್ಲೇ ನಿಂತು ಹೇಳಿ ಹೋದರು. ಅಪ್ಪ ನನಗೆ ಅಂದ, ನನ್ನ ದೊಡ್ಡ ಮಗಳು ಗುಡ್ಡದಿಂದ ಬಿದ್ದು ಸತ್ತಿದ್ದಾಳೆ, ಇನ್ನೊಮ್ಮೆ ಅವಳ ಹೆಸರು ತರಬೇಡ."

"ಯಾಕ ಹೇಳ್ದಿ?" ಎಂದು ಸರಸ್ವತೀಬಾಯಿ ಕೂಗಿದಳು. ಎದುರು ಮನೆಯ ಕಿಟಕಿ ತೆರೆಯಿತು. "ಯಾರ ಹೇಳಂದ್ರು ನಿನಗ? ಯಾಕ ಹೇಳ್ದಿ?"

ಧನಬೀರ ತಲೆಯೆತ್ತಿ ಅವಳನ್ನೇ ನೋಡಿದ. ಅವನ ಕಣ್ಣು ತುಂಬಿತ್ತು.

"ಹೇಳಬೇಡ ಅಂತ ನೀವು ಹೇಳಿರಲಿಲ್ಲ, ಬಾಯಿ."

ಅದು ಖರೆ. ಅವಳು ಹುಡುಗಿಯ ತಲೆಯ ಮೇಲೆ ಕೈ ಇಟ್ಟು ಆಣೆ ಮಾಡಿದ್ದಳು. ಧನಬೀರನಿಗೆ ಒಂದು ಮಾತೂ ಹೇಳಿರಲಿಲ್ಲ. ಅವನು ನಾಲಿಗೆ ಎಂದಷ್ಟೇ ತಿಳಿದಿದ್ದಳು. ಆ ನಾಲಿಗೆಗೂ ಒಂದು ಊರಿದೆ, ಹೆಂಡತಿ ಇದ್ದಾಳೆ, ಹೊಳೆಯ ಆಚೆಯ ತಾಯಿಯ ಅಳು ಕೇಳುವ ಕಿವಿ ಇದೆ ಎಂದು ಅವಳಿಗೆ ಹೊಳೆದೇ ಇರಲಿಲ್ಲ. ಹನ್ನೆರಡು ವರ್ಷ ಅವನಿಗೆ ಫರಾಳ ಕೊಟ್ಟಿದ್ದಳು. ಊರು ಯಾವುದು ಎಂದು ಒಮ್ಮೆಯೂ ಕೇಳಿರಲಿಲ್ಲ.

ಗುರುರಾಜರಿಗೆ ಹೇಳಿದಾಗ ಅವರು ಕನ್ನಡಕ ತೆಗೆದು, "ನೀ ಒಳ್ಳೇದು ಮಾಡ್ಲಿಕ್ಕೆ ಹೋದಿ. ಹಿಂಗಾಗ್ತದಂತ ಯಾರಿಗೆ ಗೊತ್ತಿತ್ತು?" ಅಂದರು.

ಸುಂತಲಿಗೆ ಗೊತ್ತಿತ್ತು, ಎಂದುಕೊಂಡಳು ಸರಸ್ವತೀಬಾಯಿ.

ಹುಡುಗಿಗೆ ಇವತ್ತು ಹೇಳಬೇಕು ಎಂದು ಪ್ರತಿದಿನ ಅಂದುಕೊಂಡು ಹೋಗುವಳು. ಹೋದರೆ ಸುಂತಲಿ ಮಶೀನಿನ ಮುಂದೆ ಇರುವಳು. ಒಮ್ಮೆ ಆಶ್ರಮದ ಒಬ್ಬ ಹುಡುಗಿಯನ್ನು ಎಳೆದು ತಂದು, ತಂಗಿ ಇಷ್ಟೇ ಎತ್ತರ ಎಂದು ಹೇಳಿ, ಸ್ವೆಟರನ್ನು ಅವಳ ಬೆನ್ನಿಗೆ ಹಚ್ಚಿ ತೋರಿಸಿದಳು. "ಬರೋಬ್ಬರಿ ಆಗ್ತದಿಲ್ಲ, ಬಾಯಿ?"

"ಛಲೋ ಆಗ್ಯದ," ಎಂದಳು ಸರಸ್ವತೀಬಾಯಿ. ಆ ದಿನ ಮನೆಗೆ ಬಂದು ದೇವರ ಖೋಲಿಯಲ್ಲಿ ದೀಪ ಹಚ್ಚಲು ಕೈ ಬರಲಿಲ್ಲ. ಮಗನ ಹೆಂಡತಿಗೆ ಹೇಳಿ ಹಚ್ಚಿಸಿದಳು.

ದೀಪಾವಳಿ ಹೋಯಿತು, ಎಳ್ಳಮಾಸಿ ಹೋಯಿತು. ಸಂಕ್ರಾಂತಿಗೆ ಸುಂತಲಿಯನ್ನು ಅಂಬಮ್ಮ ನಾಲ್ಕು ದಿನ ಕಮಲಾಪುರಕ್ಕೆ ಕರೆದೊಯ್ದಳು, ಹೋಗುವ ಮಗಳಿಗೆ ಒಂದು ಹಬ್ಬದ ಊಟ ಹಾಕುತ್ತೇನೆಂದು. ಹಬ್ಬ ಮುಗಿದರೆ ಸುಂತಲಿ ರೈಲು ಹತ್ತಬೇಕು. ಏನೂ ಗೊತ್ತಿಲ್ಲದೆ ಹೋಗಿ ಅಪ್ಪನ ಬಾಗಿಲ ಮುಂದೆ ಆ ಸ್ವೆಟರು ಹಿಡಿದು ನಿಲ್ಲಬೇಕು. ಆ ಚಿತ್ರ ಕಣ್ಣ ಮುಂದೆ ಬಂದ ದಿನ ಸರಸ್ವತೀಬಾಯಿ ಕಮಲಾಪುರದ ಬಸ್ಸು ಹತ್ತಿದಳು.

ಅಂಬಮ್ಮನ ತೋಟ ಊರ ಅಂಚಿನಲ್ಲಿತ್ತು. ಸುಂತಲಿ ಸಜ್ಜಿ ರೊಟ್ಟಿ ಬಡಿಯುತ್ತಿದ್ದವಳು ಹಿಟ್ಟಿನ ಕೈಯಲ್ಲೇ ಓಡಿಬಂದಳು. ಬಾಳೆಯ ಸಾಲಿನ ನೆರಳಿನಲ್ಲಿ ಅವಳನ್ನು ಕೂಡಿಸಿಕೊಂಡು ಸರಸ್ವತೀಬಾಯಿ ಎಲ್ಲ ಹೇಳಿದಳು. ಏನೂ ಬಿಡಲಿಲ್ಲ. ತಂಗಿಯ ಮದುವೆ ಮುರಿದದ್ದನ್ನೂ ಹೇಳಿದಳು.

ಸುಂತಲಿ ಅಳಲಿಲ್ಲ. ಬೆರಳ ಸಂದಿಯಲ್ಲಿ ಒಣಗಿದ ಹಿಟ್ಟನ್ನು ಕೆರೆದು ಕೆರೆದು ತೆಗೆದಳು.

"ನಾ ಬ್ಯಾಡ ಅಂದಿದ್ದೆ," ಅಂದಳು.

"ಹೌದವ್ವ."

"ಅಂವ ಬಂದ ದಿನಾನೇ ಬ್ಯಾಡ ಅಂದೆ. ನಿಮಗ ತಿಳೀಲಿಲ್ಲೇನು?"

ತಿಳಿಯಲಿಲ್ಲ ಎಂದುಬಿಡಬಹುದಿತ್ತು. ಆಗ ಇಬ್ಬರ ನಡುವೆ ಭಾಷೆಯೇ ಇರಲಿಲ್ಲ. ಯಾರೂ ನಂಬುವ ಮಾತು. ಆ ಮಾತು ಸರಸ್ವತೀಬಾಯಿಯ ತುದಿನಾಲಿಗೆಗೆ ಬಂದೂ ಬಂತು.

"ತಿಳಿದಿತ್ತು," ಅಂದಳು. "ಹೆದರೀದಿ ಅಂತ ತಿಳಿದಿತ್ತು. ಕೇಸು ನಿಲ್ಲಬೇಕಿತ್ತು ನನಗ. ಅದಕ ತಿಳೀದವರಂಗ ಮಾಡ್ದೆ."

"ಈ ಸುದ್ದಿ ಯಾವಾಗ ಗೊತ್ತಾತು?"

"ದೀಪಾವಳಿ ಮುಂದ."

"ಸ್ವೆಟರ್ ತೋರಿಸ್ದಾಗ?"

"ಗೊತ್ತಿತ್ತು."

ಸುಂತಲಿ ಎದ್ದು ಒಳಗೆ ಹೋದಳು. ಬಾಗಿಲು ಮುಚ್ಚಿಕೊಂಡ ಸಪ್ಪಳ ಕೇಳಿತು. ಅಂಬಮ್ಮ ಹೊರಗೆ ಬಂದು ತಂಬಿಗೆಯಲ್ಲಿ ನೀರು ಕೊಟ್ಟು, "ಬಸ್ಸಿಗಿ ಹೊತ್ತಾಗ್ತದ್ರಿ ಬಾಯಾರ, ನೀವು ನಡೀರಿ. ಇಕಿನ ನಾ ನೋಡ್ಕೋತೀನಿ," ಅಂದಳು. ಸಿಟ್ಟಿನ ಮಾತಲ್ಲ. ಆದರೆ ಊಟಕ್ಕೆ ನಿಲ್ಲಿರಿ ಎಂದೂ ಅನ್ನಲಿಲ್ಲ.

ಸುಂತಲಿ ರೈಲು ಹತ್ತಲಿಲ್ಲ. ಆಶ್ರಮಕ್ಕೂ ಬರಲಿಲ್ಲ, ಕಮಲಾಪುರದಲ್ಲೇ ಉಳಿದಳು. ಸರಸ್ವತೀಬಾಯಿ ಆಶ್ರಮದ ಕಮಿಟಿಯ ಮುಂದೆ ತನ್ನ ತಪ್ಪು ಹೇಳಿಕೊಂಡಳು. ಕೆಲಸದಿಂದ ತೆಗೆಯುತ್ತಾರೆ ಎಂದುಕೊಂಡಿದ್ದಳು, ತೆಗೆದರೆ ಒಳ್ಳೆಯದೆಂದೂ. ಅಧ್ಯಕ್ಷರು, "ಬಿಡ್ರಿ ಬಾಯಾರ, ಇಂಥಾ ಕೆಲಸದಾಗ ಹಿಂಗೆಲ್ಲ ಆಗೂದೇ," ಎಂದು ಚಹಾ ತರಿಸಿದರು. ಆ ಚಹಾ ಬೈಗುಳಕ್ಕಿಂತ ಕಹಿಯಾಗಿತ್ತು.

ಅವಳು ಕಮಲಾಪುರಕ್ಕೆ ಹೋಗತೊಡಗಿದಳು. ಒಮ್ಮೆ ಸೀರೆ ಒಯ್ದಳು, ಒಮ್ಮೆ ಉಣ್ಣೆಯ ಉಂಡೆ, ಒಮ್ಮೆ ಮನೆಯಲ್ಲಿ ಮಾಡಿದ ಕರದಂಟು. ಹೋದಾಗಲೆಲ್ಲ ಕ್ಷಮೆ ಕೇಳುತ್ತ ಅಳುತ್ತಿದ್ದಳು. ಸುಂತಲಿ ಪಕ್ಕದಲ್ಲಿ ಕೂತು, "ಇರ್ಲಿ ಬಾಯಿ, ಅಳಬ್ಯಾಡ್ರಿ," ಎನ್ನುತ್ತಿದ್ದಳು. ತಿರುಗಿ ಬರುವಾಗ ಸರಸ್ವತೀಬಾಯಿಗೆ ಎದೆ ಹಗುರಾದಂತೆ ಅನ್ನಿಸುತ್ತಿತ್ತು.

ಬೇಸಿಗೆಯ ಒಂದು ದಿನ ಹೋದಾಗ ಸುಂತಲಿ ತೋಟದ ಬಾಗಿಲಲ್ಲೇ ನಿಂತಿದ್ದಳು.

"ಬಾಯಿ, ಒಂದು ಮಾತು ಹೇಳ್ತೀನಿ, ಸಿಟ್ಟಾಗಬ್ಯಾಡ್ರಿ. ನೀವು ಬರ್ತೀರಿ, ಅಳ್ತೀರಿ. ನಾ ನಿಮಗ ಸಮಾಧಾನ ಮಾಡ್ತೀನಿ. ನೀವು ಹೋದ ಮ್ಯಾಲ ನನಗ ಎರಡು ದಿನ ಏಳ್ಲಿಕ್ಕಾಗಂಗಿಲ್ಲ. ನನ್ನ ಹತ್ರ ಅಷ್ಟು ತಾಕತ್ತಿಲ್ರಿ. ಬರಬ್ಯಾಡ್ರಿ ಇನ್ನ."

ಸರಸ್ವತೀಬಾಯಿ ಕೈಯಲ್ಲಿದ್ದ ಚೀಲವನ್ನು ಕೊಡಲೂ ಆಗದೆ ಇಡಲೂ ಆಗದೆ ನಿಂತಳು. ಅಳು ಉಕ್ಕಿ ಬಂತು. ಇದನ್ನೂ ಈಕೆಯ ಮುಂದೆ ಸುರಿಯುವುದೇ ಎಂದು ನುಂಗಿದಳು.

"ಆಯ್ತವ್ವ," ಎಂದು ತಿರುಗಿದಳು.

ಕೇಸನ್ನು ಜೈನಾಬಿಗೆ ಒಪ್ಪಿಸಿದಳು. ಜೈನಾಬಿ ಹೊಸದಾಗಿ ಸೇರಿದ್ದ ಹೆಣ್ಣುಮಗಳು, ಮಾತು ಕಮ್ಮಿ. ಮರುವರ್ಷ ಕೋರ್ಟಿನಲ್ಲಿ ವಿಚಾರಣೆ ಬಂತು. ಬಾಗಿಲು ಮುಚ್ಚಿದ ಕೋಣೆಯಲ್ಲಿ ನಡೆಯಿತು. ಸರಸ್ವತೀಬಾಯಿ ಸುಂತಲಿಯ ಕಣ್ಣಿಗೆ ಬೀಳದಂತೆ ವರಾಂಡದ ಆ ತುದಿಯಲ್ಲಿ ಕೂತಿದ್ದಳು. ಸುಂತಲಿ ದುಭಾಷಿ ಬೇಡವೆಂದು ಕನ್ನಡದಲ್ಲೇ ಹೇಳಿದಳಂತೆ. ಲಾಡ್ಜಿನವನ ವಕೀಲ ಅವಳ ಮಾತಿನ ಧಾಟಿಗೆ ನಕ್ಕಾಗ, "ನಗ್ರಿ ಸಾಹೇಬ್ರ, ನಾ ನಿಲ್ಲಂಗಿಲ್ಲ," ಎಂದು ಮುಂದುವರಿಸಿದಳಂತೆ. ಶಿಕ್ಷೆಯಾಯಿತು. ಅವನು ಮೇಲಿನ ಕೋರ್ಟಿಗೆ ಹೋದ.

ಧನಬೀರ ಸುಂತಲಿಯ ಕಾಲಿಗೆ ಬೀಳುತ್ತೇನೆಂದು ಎರಡು ಸಲ ಕೇಳಿದ. ಅವಳು ಬೇಡವೆಂದಳು. ಆ ವರ್ಷ ಅವನು ಊರಿಂದ ಬಂದು, ಈ ಸಲ ಕಟ್ಟೆಯ ಕೆಳಗೆ ನಿಂತೇ ಹೇಳಿದ: "ಬಾಯಿ, ನಾನು ಊರಿಗೆ ಹೋದರೆ ಅವಳ ಅವ್ವ ಹೊಳೆ ದಾಟಿ ದಾರಿಗೆ ಬಂದು ನಿಲ್ಲುತ್ತಾಳೆ. ಗಂಡನಿಗೆ ಗೊತ್ತಿಲ್ಲದೆ. ಉಣ್ಣುತ್ತಾಳಾ, ಯಾರಾದರೂ ಹೊಡೆಯುತ್ತಾರಾ ಅಂತ ಕೇಳುತ್ತಾಳೆ. ನಾನು ಏನೂ ಹೇಳಲಿಲ್ಲ. ಹೇಳಲಾ?"

ಸರಸ್ವತೀಬಾಯಿಗೆ ಓಡಿ ಹೋಗಿ ಸುಂತಲಿಗೆ ಹೇಳಬೇಕು ಅನ್ನಿಸಿತು. ತಾಯಿ ಕೇಳುತ್ತಾಳೆ ಎಂಬ ಮಾತು ತಾನೇ ಕೊಟ್ಟರೆ ತನ್ನ ಋಣ ಎಷ್ಟು ತೀರೀತು ಎಂದೂ ಅನ್ನಿಸಿತು. ಆ ಆಸೆ ಕಂಡು ಅವಳಿಗೇ ಹೇಸಿಗೆಯಾಯಿತು.

"ತಡಿ," ಅಂದಳು. "ಮೊದಲ ಅಕಿನ್ನ ಕೇಳಬೇಕು."

ಜೈನಾಬಿಯ ಕೈಯಲ್ಲಿ ಇಷ್ಟೇ ಕೇಳಿಸಿದಳು: ನಿನ್ನ ಊರಿಂದ ಒಂದು ಮಾತು ಬಂದಿದೆ, ಕೆಟ್ಟದ್ದಲ್ಲ, ಕೇಳುತ್ತೀಯೋ ಬೇಡವೋ? ಬಹಳ ತಿಂಗಳು ಉತ್ತರ ಬರಲಿಲ್ಲ. ಸರಸ್ವತೀಬಾಯಿ ಎರಡನೆಯ ಸಲ ಕೇಳಿಸಲಿಲ್ಲ. ಮಳೆಗಾಲದಲ್ಲಿ ಜೈನಾಬಿ ಬಂದು, "ಕೇಳ್ತೀನಿ ಅಂದಾಳ್ರಿ," ಅಂದಳು. ಜೈನಾಬಿಯೇ ಹೋಗಿ ಹೇಳಿದಳು. ಸುಂತಲಿ ಏನಂದಳು ಎಂದು ಸರಸ್ವತೀಬಾಯಿ ಕೇಳಲಿಲ್ಲ, ಜೈನಾಬಿಯೂ ಹೇಳಲಿಲ್ಲ.

ಎರಡು ಸಾವಿರದ ಒಂದನೆಯ ಇಸವಿಯಲ್ಲಿ ಸರಸ್ವತೀಬಾಯಿ ಇನ್ನೊಂದು ಕೇಸಿಗೆಂದು ಹುಮನಾಬಾದಿಗೆ ಹೊರಟಿದ್ದಳು. ಬಸ್ಸು ಕಮಲಾಪುರದಲ್ಲಿ ನಿಂತಿತು. ಕಿಟಕಿಯ ಕೆಳಗೆ ಅಂಬಮ್ಮ ಬುಟ್ಟಿ ಇಟ್ಟುಕೊಂಡು ಕೂತಿದ್ದಳು. ಸರಸ್ವತೀಬಾಯಿ ಇಳಿದು ಹತ್ತಿರ ಹೋದಳು. ಅಂಬಮ್ಮ ಅವಳನ್ನು ಗುರುತಿಸಿ ಸೆರಗು ಸರಿಮಾಡಿಕೊಂಡಳು.

"ಹೋದಳ್ರಿ ಬಾಯಾರ, ಹ್ವಾದ ವರ್ಷ. ಗಡಿ ಹತ್ರ ಒಂದು ಆಶ್ರಮ ಅದಂತಲ್ಲ, ಅಲ್ಲಿ ಹುಡುಗ್ಯಾರಿಗಿ ಹೆಣಿಗಿ ಕಲಸ್ತಾಳ. ಅವರವ್ವ ಬಂದು ಎಂಟು ದಿನ ಇದ್ದು ಹೋದಳಂತ. ಅಪ್ಪ ಬಂದಿಲ್ಲ. ತಂಗಿದು ದೂರದ ಊರಾಗ ಲಗ್ನಾತು, ಎರಡನೇ ಸಂಬಂಧಕ್ಕ ಕೊಟ್ರಂತ. ಅಕಿ ಮಾತಾಡಂಗಿಲ್ಲ ಇಕಿ ಜೋಡಿ." ಅಂಬಮ್ಮ ಒಂದು ಚಿಪ್ಪು ಹಣ್ಣು ಎತ್ತಿ ಮತ್ತೆ ಇಟ್ಟಳು. "ಅಂಗಡಿಯವರ ಫೋನಿಗಿ ಹಬ್ಬಕ್ಕೊಮ್ಮೆ ಮಾಡ್ತಾಳ್ರಿ. ಅವ್ವಾ, ಗಿಡಕ್ಕ ನೀರ ಬಿಟ್ಟೀಯೇನು ಅಂತಾಳ."

ಸರಸ್ವತೀಬಾಯಿ ಕೇಳಬಾರದೆಂದು ಎಷ್ಟೋ ತಡೆದಳು.

"ನಂದೇನರ ಕೇಳ್ತಾಳೇನು?"

ಅಂಬಮ್ಮ ಅವಳ ಮುಖವನ್ನು ನೇರ ನೋಡಿದಳು. ಸುಳ್ಳು ಹೇಳಿ ಸಮಾಧಾನ ಮಾಡುವ ಹೆಂಗಸಲ್ಲ ಅವಳು.

"ಇಲ್ರಿ, ಬಾಯಾರ."

ಕಂಡಕ್ಟರು ಸೀಟಿ ಊದಿದ. ಸರಸ್ವತೀಬಾಯಿ ತಲೆಯಾಡಿಸಿ ಬಸ್ಸು ಹತ್ತಿದಳು. ಅವಳ ಸೀಟಿನಲ್ಲಿ ಆಗಲೇ ಒಬ್ಬ ಮುದುಕಿ ಕೂತುಬಿಟ್ಟಿದ್ದಳು. ಏಳಿಸಲು ಮನಸ್ಸಾಗದೆ, ಮೇಲಿನ ಸರಳು ಹಿಡಿದು ಹುಮನಾಬಾದಿನ ತನಕ ನಿಂತೇ ಹೋದಳು.